ಕಂಪ್ಯೂಟರಿಗೆ ನೀನು ಹೇಳಿದ ತಾರೀಖು

ಅಪ್ಪಾ,

ನೀನು ಇದ್ದಿದ್ದರೆ ಇವತ್ತು ನಿನ್ನ ಜೊತೆ ಜಗಳ ತೆಗೆಯುತ್ತಿದ್ದೆ. ಬ್ಯಾಡಗಿಯ ನಮ್ಮ ಟೈಪಿಂಗ್ ಅಂಗಡಿಯಲ್ಲಿ, ನಿನ್ನದೇ ಕುರ್ಚಿಯಲ್ಲಿ ಕೂತು ನಾಲ್ಕು ದಿನ ಹಲ್ಲು ಕಡಿದಿದ್ದೇನೆ. ನಾಲ್ಕು ದಿನ!

ಮೋಟೆಬೆನ್ನೂರಿನ ಶಾಂತಕ್ಕ ನೆನಪಿದ್ದಾಳಲ್ಲ, ಅರ್ಜಿ ಬರೆಸಲು ಬರುತ್ತಿದ್ದವಳು? ಅವಳ ಮಹಿಳಾ ಸಂಘದ ಖಾರದ ಪುಡಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡೆ. ಮೊಬೈಲಿನಲ್ಲಿ ಪಾಠ ನೋಡಿ ಕಲಿತ ವಿದ್ಯೆ, ಮೊದಲ ಕೆಲಸ. ಶುಕ್ರವಾರ ತೋರಿಸದಿದ್ದರೆ ಆ ಕೆಲಸ ರಾಣೆಬೆನ್ನೂರಿನ ಕಂಪ್ಯೂಟರ್ ಅಂಗಡಿಯವರ ಪಾಲು. ಪುಟವನ್ನು ಜಗತ್ತಿಗೆ ತೋರಿಸುವ ಮೊದಲು ನಮ್ಮ ಕಂಪ್ಯೂಟರಿನೊಳಗೇ ಓಡಿಸಿ ನೋಡಬೇಕು. ಅದಕ್ಕೆ ಸರ್ವರ್ ಎಂಬ ತಂತ್ರಾಂಶವೊಂದನ್ನು ಇಳಿಸಿ ಕೂರಿಸಬೇಕು. ಅಷ್ಟೇ ಅಂದುಕೊಂಡಿದ್ದೆ.

ಅಂಗಡಿಗೆ ಇಂಟರ್ನೆಟ್ ಹಾಕಿಸಲು ನೀನು ಎಂದೂ ಒಪ್ಪಲಿಲ್ಲ, ನನ್ನ ಮೊಬೈಲಿನಿಂದಲೇ ನೆಟ್ ಕೊಟ್ಟೆ. ಏನು ಇಳಿಸಿಕೊಳ್ಳಹೋದರೂ ಕೆಂಪು ಅಕ್ಷರ. ಅಳಿಸಿ ಮತ್ತೆ ಹಾಕಿದೆ. ಪೆಟ್ಟಿಗೆ ಬಿಚ್ಚಿ ಮೆಣಸಿನಕಾಯಿ ಧೂಳು ಒರೆಸಿ ಸೀನಿದೆ. ಒಮ್ಮೆ 'ನಿಮ್ಮ ಗಡಿಯಾರ ಹಿಂದಿದೆ' ಎಂದಿತು. ಗೋಡೆ ಗಡಿಯಾರ ನೋಡಿದೆ: ಅಲ್ಲೂ ಹನ್ನೊಂದೂ ಹತ್ತು, ಇಲ್ಲೂ ಹನ್ನೊಂದೂ ಹತ್ತು. ಇಂಥ ಯಂತ್ರಕ್ಕೆ ಬುದ್ಧಿ ಹೇಳುವುದಾದರೂ ಹೇಗೆ?

ಶುಕ್ರವಾರ ಶಾಂತಕ್ಕ ಬಂದೇಬಿಟ್ಟಳು. ನಾನು ಆಗಷ್ಟೇ ಉಳಿಸಿದ ಫೈಲಿನ ಪಕ್ಕ ಬೆರಳಿಟ್ಟಳು.

"ಇದ್ಯಾಕವಾ, ಹೋದ ವರ್ಷದ ತಾರೀಖ ತೋರ್ಸಾಕತ್ತೈತಿ?"

ಆಗ ನೆನಪಾಯಿತು. ಈ ಕಂಪ್ಯೂಟರ್ ಬಂದ ದಿನ ಅಮಾವಾಸ್ಯೆ. "ಅಮಾಸಿ ದಿನ ಹೊಸಾದು ಯಾರರ ಚಾಲೂ ಮಾಡ್ತಾರೇನ?" ಎಂದು ನೀನು ಹಟ ಹಿಡಿದೆ. ಜೋಡಿಸಲು ಬಂದವನಿಗೆ ಮತ್ತೊಮ್ಮೆ ಬರುವ ಪುರುಸೊತ್ತಿರಲಿಲ್ಲ. "ಹಂಗಾರ ಅದಕ್ಕ ಹೋದ ವರ್ಷದ ವಿಜಯದಶಮಿ ಅಂತ ಹೇಳ್ರಿ. ನಾಳೆ ಸರಿ ಮಾಡೂಣು," ಎಂದೆ ನೀನು. ಎಲ್ಲರೂ ನಕ್ಕೆವು. ಅರ್ಜಿಗಳ ತಾರೀಖನ್ನು ನೀನೇ ಹೊಡೆಯುತ್ತಿದ್ದೆ, ಯಂತ್ರವನ್ನು ಕೇಳುವ ಪ್ರಸಂಗ ಬರಲಿಲ್ಲ. ಆ ನಾಳೆ ಮಾತ್ರ...

ಒಂದು ವರ್ಷ ಹಿಂದೆ ಉಳಿದ ಯಂತ್ರ ಇವತ್ತಿನ ಯಾವ ಜಾಲತಾಣವನ್ನೂ ನಂಬುವುದಿಲ್ಲವಂತೆ; ಅವುಗಳ ಗುರುತಿನ ಪತ್ರ ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಸರಿ, ತಾರೀಖು ಬದಲಿಸಹೋದೆ. ಕೈ ಏಳಲಿಲ್ಲ. ಅದರ ಲೆಕ್ಕದಲ್ಲಿ ನಿನಗಿನ್ನೂ ಎದೆನೋವು ಬಂದಿಲ್ಲ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವವನು ನೀನೇ. ಎಂಥ ಕೆಲಸ ಮಾಡಿಟ್ಟು ಹೋದೆ ಅಪ್ಪಾ? ಅಳು ಬಂತು, ಸಿಟ್ಟಿನಲ್ಲೇ ಅತ್ತುಬಿಟ್ಟೆ.

"ಒತ್ತವಾ, ಒತ್ತು," ಎಂದಳು ಶಾಂತಕ್ಕ. "ಮೆಣಸಿನಕಾಯಿ ಒಣಗಾಕ ಹಾಕಿ ಬಂದೇನಿ." ಅವಳ ಕೈ ನನ್ನ ಬೆನ್ನ ಮೇಲಿತ್ತು.

ಒತ್ತಿದೆ. ಅರ್ಧ ಗಂಟೆಯಲ್ಲಿ ಎಲ್ಲ ಕೂತಿತು. ಕೆಂಪು ಕಾಯಿಯ ಚಿತ್ರದ ಸಮೇತ ಪುಟ ತೆರೆಯಿತು; ಕೆಲಸ ನನಗೇ ಸಿಕ್ಕಿತು. ನೀನು ಹೋದ ಸುದ್ದಿಯನ್ನು ಹಾವೇರಿಯ ಅತ್ತೆಗೆ, ಗಳಗನಾಥದ ನೆಂಟರಿಗೆ, ಎಲ್ಲರಿಗೂ ಅಣ್ಣನೇ ತಿಳಿಸಿದ್ದ. ಈ ಕಂಪ್ಯೂಟರ್ ಒಂದಕ್ಕೆ ಮಾತ್ರ ನಾನು ತಿಳಿಸಬೇಕಾಯಿತು.