ಹುಣಸಿ ಗಿಡದ ಬಲಕ್ಕೆ

ಬಿಜಾಪುರ,
ಮರುನೆಲೆಯ ಮೂರನೆಯ ವರ್ಷ, ಆಷಾಢದ ನಲವತ್ತೇಳನೆಯ ದಿನ

"ನಮ್ಮ ವಿಜಾಪುರಕ್ಕ ಬರ್ರಿ" ಎಂಬ ಪ್ರವಾಸ ಕೈಪಿಡಿಯನ್ನು ಅಂತರ್ಜಾಲಕ್ಕೆ ಏರಿಸಲು ಸಿದ್ಧಪಡಿಸುತ್ತಿರುವ ಒಂಬತ್ತನೆಯ ತರಗತಿಯ ರುಕ್ಸಾರ್ ಬಾಗವಾನ, ಶ್ರೀಶೈಲ ಕುಂಬಾರ ಹಾಗೂ ಉಳಿದ ಆರು ಮಕ್ಕಳಿಗೆ, ನಿಮ್ಮಿಂದ ಏಳು ತಲೆಮಾರು ಈಚೆಗಿರುವ ಗುರುಬಾನು ತೇಲಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಆಷಾಢಕ್ಕೆ ಮೂವತ್ತೇ ದಿನ ಎಂಬುದು ನಿಮ್ಮ ಕಾಲದ ಸುಖ. ನಮ್ಮಲ್ಲಿ ಮೊದಲ ಮಳೆ ನೆಲ ತೋಯಿಸುವ ತನಕ ಆಷಾಢ ಮುಗಿಯುವುದಿಲ್ಲ. ಹೋದ ವರ್ಷ ತೊಂಬತ್ತೊಂದು ದಿನ ಎಣಿಸಿದ ಮೇಲೆ ಶ್ರಾವಣ ಬಂತು. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಹಾಳೆಗಳಿಂದಲೇ, ಹಾಗಾಗಿ ತಪ್ಪು ಕಂಡರೆ ಅರ್ಧ ಪಾಲು ನಿಮ್ಮದು. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂಬುದು ನನಗೂ ತಿಳಿಯದು. ತಲುಪಿಸುತ್ತೇವೆ ಎಂದವರು ಚಿಕ್ಕದಾಗಿ ಬರೆ ಎಂದಿದ್ದಾರೆ. ಚಿಕ್ಕದಾಗಿ ಹೇಳುವ ಅಭ್ಯಾಸ ನಮ್ಮ ಊರಿನವರಿಗೆ ಯಾವತ್ತು ಇತ್ತು ಹೇಳಿ.

ನಾನು ಈ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ನೀರು ಹಂಚುವವನಿಗೆ ಹಿಂದೆ ಇದ್ದ ಹೆಸರನ್ನೇ ನಾವು ಮತ್ತೆ ಎತ್ತಿಕೊಂಡಿದ್ದೇವೆ. ಯಾವ ಮನೆಗೆ ಎಷ್ಟು ಕೊಡ ಎಂದು ಹೇಳುವುದು, ಜಗಳ ಬಿಡಿಸುವುದು, ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಬಿಸಿಲು ತಾಳದೆ ಹಿರಿಯರು ಊರು ಬಿಟ್ಟ ಮೇಲೆ ಅರವತ್ತೆರಡು ವರ್ಷ ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜನರೆಲ್ಲ ಕಡಲ ದಂಡೆಯ ತಂಪುದೊಡ್ಡಿಗಳಲ್ಲಿದ್ದರು. ತಂಪುದೊಡ್ಡಿ ಎಂದರೆ ಒಂದೇ ಸೂರಿನಡಿ ನಾಲ್ಕು ಸಾವಿರ ಜನ, ಯಂತ್ರದ ಗಾಳಿ, ಕಿಟಕಿ ಎಂಬುದೇ ಇಲ್ಲ. ನಾನು ಹುಟ್ಟಿದ್ದು, ನನ್ನ ಮಗಳನ್ನು ಹೆತ್ತದ್ದು ಅಲ್ಲೇ. ಅವಳು ಐದು ವರ್ಷದವಳಾಗುವ ತನಕ ಆಕಾಶವನ್ನು ನೋಡಿರಲಿಲ್ಲ. ಬಿಸಿಲು ತುಸು ಇಳಿದ ಮೇಲೆ ನಮ್ಮ ಇನ್ನೂರ ಹನ್ನೆರಡು ಮನೆಗಳಿಗೆ ಮರಳಲು ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ: ಎರಡು ಬೇಸಿಗೆ ಮುಗಿಯುವುದರೊಳಗೆ ಊರಿನಲ್ಲೇ ಬತ್ತದ ನೀರನ್ನು ತೋರಿಸಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಮತ್ತೆ ದೊಡ್ಡಿಗೆ.

ನೀವು ಪ್ರೀತಿಯಿಂದ ಬರೆದ ಊರು ಈಗ ಹೇಗಿದೆ ಎಂದು ತಿಳಿಯುವ ಆಸೆ ನಿಮಗೂ ಇರುತ್ತದೆ. ಗೋಳಗುಮ್ಮಟ ನಿಂತಿದೆ. ಒಳಗೆ ಕೂಗಿದರೆ ಈಗಲೂ ಏಳು ಸಲ ಮಾರ್ದನಿ ಬರುತ್ತದೆ, ಮಕ್ಕಳು ಕೂಗಿ ಕೂಗಿ ಕಾವಲಿನ ಮುದುಕನ ತಲೆ ತಿನ್ನುತ್ತಾರೆ. ಬೆಳಗಿನ ಮೂರು ತಾಸು ಹೊಲದ ಕೆಲಸ, ಆಮೇಲೆ ಸಂಜೆಯ ತನಕ ನೆಲಮನೆಯಲ್ಲಿ, ಅಂದರೆ ನೆಲದಡಿ ತೋಡಿಕೊಂಡ ಕೋಣೆಗಳಲ್ಲಿ, ನಿದ್ದೆ, ಪಾಠ, ಹರಟೆ. ರೊಟ್ಟಿ ಸುಡಲು ಒಲೆ ಬೇಡ. ಅಂಗಳದಲ್ಲಿ ಬಿಸಿಲ ಹಂಚು ಇಟ್ಟರೆ ಜೋಳದ ರೊಟ್ಟಿ ತಾನಾಗಿ ಉಬ್ಬುತ್ತದೆ. ಶೇಂಗಾ ಹಿಂಡಿಯ ರುಚಿ ಮಾತ್ರ ಬದಲಾಗಿಲ್ಲ ಎಂದು ಹಿರಿಯರು ಆಣೆ ಮಾಡಿ ಹೇಳುತ್ತಾರೆ.

ಇನ್ನು ನಿಮ್ಮ ಹಾಳೆಗಳ ವಿಷಯ. ನನ್ನ ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ್ದ ಹದಿನೆಂಟು ಹಾಳೆಗಳು ಅವು. ನಿಮ್ಮ ಕೈಪಿಡಿಯ ಕೊನೆಯ ರೂಪ ದೊಡ್ಡಿಯ ಭಂಡಾರದಲ್ಲೂ ಇದೆ, ಆದರೆ ನನ್ನ ಬಳಿ ಇರುವುದು ಅದಕ್ಕೂ ಮೊದಲಿನ ಕರಡು. ಗುಮ್ಮಟಕ್ಕೆ ಹನ್ನೊಂದು ಹಾಳೆ ಕೊಟ್ಟಿದ್ದೀರಿ. ಶ್ರೀಶೈಲ, ಕಪ್ಪು ಕನ್ನಡಕ ಹಾಕಿಕೊಂಡು ಅದರ ಮುಂದೆ ನಿಂತ ನಿನ್ನ ಫೋಟೋಗಳೇ ಒಂಬತ್ತಿವೆಯಪ್ಪಾ. ಹದಿನೇಳನೆಯ ಹಾಳೆಯಲ್ಲಿ ಒಂದು ಮೆಟ್ಟಿಲುಬಾವಿಯ ಬಗ್ಗೆ ರುಕ್ಸಾರ್ ಬರೆದ ನಾಲ್ಕು ಸಾಲು ಹೀಗಿವೆ: "ಗೌಳ್ಯಾರ ಬಾವಡಿ. ಸಂತಿ ಬಯಲಿನಿಂದ ಬಂದು ಹುಣಸಿ ಗಿಡದ ಬಲಕ್ಕ ಹೊಳ್ಳಿರಿ, ಟಾಕೀಜ್ ದಾಟಿರಿ, ಹಿಟ್ಟಿನ ಗಿರಣಿ ಮುಂದ ನಿಂತು ಯಾರನ್ನರ ಕೇಳ್ರಿ. ಇದರ ನೀರು ಬತ್ತಿದ್ದನ್ನ ನಮ್ಮ ದಾದಿ, ಅಂದ್ರ ಅಪ್ಪನ ಅವ್ವನೂ ಕಂಡಿಲ್ಲ, ದಾದಿಯ ದಾದಿನೂ ಕಂಡಿಲ್ಲ." ಪಕ್ಕದಲ್ಲಿ ಪೆನ್ಸಿಲಿನಲ್ಲಿ, ನಾಯಕ ಶ್ರೀಶೈಲನ ಸಹಿಯೊಂದಿಗೆ: "ಇಲ್ಲಿ ನೋಡಲಿಕ್ಕ ಏನದ? ಬರೇ ಕಸ ಬಿದ್ದದ. ತೆಗೀಬೇಕು." ಅದರ ಕೆಳಗೆ ನಿಮ್ಮ ಶಾಲೆಯ ಅಕ್ಕೋರ ಕೆಂಪು ಗುರುತು, ಸರಿ ಎಂದು.

ಮೊದಲ ಬೇಸಿಗೆಯಲ್ಲಿ ಹೆಸರುವಾಸಿ ಬಾವಡಿಗಳನ್ನೆಲ್ಲ ತೋಡಿದೆವು. ಎಲ್ಲವೂ ಒಣ. ಎರಡನೆಯ ಬೇಸಿಗೆಯಲ್ಲಿ ಉಳಿದದ್ದು ರುಕ್ಸಾರಳ ನಾಲ್ಕು ಸಾಲು ಮಾತ್ರ. ನೀವು ಕೈಪಿಡಿ ಬರೆದ ವರ್ಷವೇ ಆಕಾಶದಿಂದ ತೆಗೆದ ಚಿತ್ರಗಳನ್ನು ತರಿಸಿಕೊಂಡು ಹುಡುಕಿದೆವು. ಸಂತೆ ಬಯಲಿನ ಸುತ್ತ ಒಂದೂ ಹುಣಸೇಮರವಿಲ್ಲ, ಟಾಕೀಜಿಲ್ಲ, ಗಿರಣಿಯಿಲ್ಲ. ಹೊಟ್ಟೆ ಉರಿಸಿದ ಮಾತೆಂದರೆ ಯಾರನ್ನಾದರೂ ಕೇಳಿ ಎಂಬುದು. ಹಾಳು ಬಿದ್ದ ಓಣಿಯಲ್ಲಿ ನಿಂತು ಯಾರನ್ನು ಕೇಳುವುದು, ಹಲ್ಲಿಯನ್ನೇ? ಬೇಸಿಗೆ ಮುಗಿಯಲು ಹದಿನಾಲ್ಕು ದಿನ ಇದ್ದಾಗ ನಾನು ಊರ ಸಭೆಯಲ್ಲಿ ಎದ್ದು ನಿಂತು, ಈ ಹುಡುಗಿ ಕಂಡಾಪಟ್ಟೆ ಸುಳ್ಳು ಬರೆದಿದ್ದಾಳೆ, ಮರಳುವ ಕಾಗದಕ್ಕೆ ಸಹಿ ಹಾಕೋಣ ಎಂದೆ. ನನ್ನ ಮಗಳು ಎದ್ದು ಹೋಗಿ ತನ್ನ ಅರಿವೆ ಮಡಿಚತೊಡಗಿದಳು. ಅದನ್ನು ನೋಡಿ ನನಗೆ ಬದುಕೇ ಸಾಕೆನಿಸಿತು.

ಆಗ ಮೂಲೆಯಲ್ಲಿ ಕುಳಿತಿದ್ದ, ತೊಂಬತ್ತರ ಹತ್ತಿರದ ಹುಸೇನವ್ವ ಮುಸಿಮುಸಿ ನಗತೊಡಗಿದಳು. ಊರು ಬಿಟ್ಟಾಗ ಪ್ರಾಯಕ್ಕೆ ಬಂದಿದ್ದವರಲ್ಲಿ ಉಳಿದವಳು ಅವಳೊಬ್ಬಳೇ. ದೊಡ್ಡಿಯಲ್ಲಿ ಕೂಡ ಅವಳು ದಾರಿ ಹೇಳುತ್ತಿದ್ದ ರೀತಿ ನಮಗೆ ತಮಾಷೆಯಾಗಿತ್ತು. ಆರು ವರ್ಷದ ಹಿಂದೆ ಕಿತ್ತುಹಾಕಿದ ನಲ್ಲಿಯ ಎಡಕ್ಕೆ ಹೋಗು ಅನ್ನುವಳು. "ಏ ಹುಚ್ಚಿ," ಅಂದಳು ನನಗೆ, "ಇದ್ದದ್ದನ್ನ ಯಾರರ ಗುರುತು ಹೇಳ್ತಾರೇನ? ಅದು ಕಣ್ಣಿಗೆ ಕಾಣಸ್ತದಲ್ಲ. ನಮ್ಮೂರಾಗ ಹೋದದ್ದರ ಗುರುತು ಹೇಳ್ತೀವಿ. ಆ ಹುಡುಗಿ ಹುಟ್ಟೂಕಿಂತ ಮೊದಲ ಗಿಡ ಕಡದಿರ್ತಾರ. ಹಿಂದಿನ ಚಿತ್ರ ನೋಡ್ರಿ."

ನೋಡಿದೆವು. ನಿಮಗಿಂತ ನಲವತ್ತು ವರ್ಷ ಹಿಂದಿನ ಒಂದು ಮಸುಕು ನಕ್ಷೆಯಲ್ಲಿ ಮರ, ಟಾಕೀಜು, ಗಿರಣಿ ಮೂರೂ ಒಂದೇ ಸಾಲಿನಲ್ಲಿದ್ದವು. ರುಕ್ಸಾರ್, ಪರವೂರಿನವರಿಗೆಂದು ಬರೆಯಲು ಕುಳಿತು, ಕಣ್ಣಿಂದ ಕಾಣದ ಮರವನ್ನು ಕಂಡವಳಂತೆ ಬರೆದಿದ್ದೀಯಲ್ಲ ತಾಯಿ. ನಿಮ್ಮ ಎಂಟು ಜನರಲ್ಲಿ ಯಾರಿಗೂ, ಅಕ್ಕೋರಿಗೂ, ಅದು ತಪ್ಪೆಂದು ಹೊಳೆಯಲಿಲ್ಲ. ಶ್ರೀಶೈಲ ಕಸದ ಬಗ್ಗೆ ತಕರಾರು ತೆಗೆದನೇ ಹೊರತು ಮರದ ಬಗ್ಗೆ ತೆಗೆಯಲಿಲ್ಲ. ಒಂಬತ್ತು ದಿನ ತೋಡಿದೆವು. ಕಸದ ಬಗ್ಗೆ ಅವನು ಹೇಳಿದ್ದು ನಿಜ, ಹನ್ನೊಂದು ಆಳುದ್ದ ನಿಮ್ಮದೇ ಪ್ಲಾಸ್ಟಿಕ್ ಚೀಲಗಳು. ಅವುಗಳ ಕೆಳಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಸೊಂಟದುದ್ದ ನೀರು. ಹುಸೇನವ್ವ ಬೊಗಸೆಯಲ್ಲಿ ಕುಡಿದು, "ತುಸು ಸವಳ ಅದ, ಚಹಾಕ್ಕ ನಡೀತದ" ಅಂದಳು. ನಾನು ಮೆಟ್ಟಿಲ ಮೇಲೆ ಕುಳಿತು ಸಣ್ಣ ಹುಡುಗಿಯಂತೆ ಅತ್ತೆ.

ರುಕ್ಸಾರ್, ನಿನ್ನನ್ನು ಸುಳ್ಳಿ ಎಂದದ್ದು ನಾಲ್ಕು ಜನರ ಎದುರಿಗೆ. ಆದ್ದರಿಂದ ತಪ್ಪಾಯಿತೆಂದು ಅದೇ ಸಭೆಯಲ್ಲಿ ಹೇಳಿದ್ದೇನೆ, ಈಗ ನಿನಗೂ ಹೇಳುತ್ತಿದ್ದೇನೆ.

ಆ ನಾಲ್ಕು ಸಾಲನ್ನು ನೀವು ತೆಗೆದುಹಾಕುತ್ತೀರಿ, ನನಗೆ ಗೊತ್ತು. ಕೊನೆಯ ರೂಪದಲ್ಲಿ ಅವಿಲ್ಲ. ಬೇಡ ಎನ್ನಲು ನಾನ್ಯಾರು, ಅಕ್ಕೋರೇ ಒಪ್ಪುತ್ತಾರೆ. ನನ್ನ ಕೋರಿಕೆ ಒಂದೇ. ತೆಗೆಯುವ ಮೊದಲು ಝೆರಾಕ್ಸ್ ಅಂಗಡಿಗೆ ಹೋಗಿ ಕರಡಿನ ಒಂದು ಪ್ರಿಂಟ್ ತೆಗೆಸಿ. ಶ್ರೀಶೈಲನೂ ಅಕ್ಕೋರೂ ಅದರ ಮೇಲೆ ಗುರುತು ಹಾಕಿದ ನಂತರ ಎಸೆಯದೆ ಯಾರಾದರೊಬ್ಬರು ಮನೆಗೆ ಒಯ್ಯಿರಿ, ಟ್ರಂಕಿನ ತಳಕ್ಕಾದರೂ ಹಾಸಿರಿ. ಆ ಒಂದು ಕೆಲಸ ತಪ್ಪಿದರೆ ನನ್ನ ಮಗಳು ಈ ಹೊತ್ತು ಕಿಟಕಿಯಿಲ್ಲದ ದೊಡ್ಡಿಯಲ್ಲಿರುತ್ತಾಳೆ.

ನಮ್ಮ ಮಕ್ಕಳೂ ಈಗ ಊರಿನ ಕೈಪಿಡಿ ಬರೆಯುತ್ತಿದ್ದಾರೆ. ಬಾವಡಿಗೆ ದಾರಿಯನ್ನು ಅಳತೆ ಹಾಕಿ ಸರಿಯಾಗಿ ಬರೆಯಿರಿ ಎಂದು ಹೇಳಿ ಸೋತೆ. ಅವರು ಬರೆದದ್ದನ್ನೇ ನಿಮಗೂ ಕಳಿಸುತ್ತಿದ್ದೇನೆ, ಎಂದಾದರೂ ಈ ಕಡೆ ಬರುವುದಾದರೆ ಬೇಕಾದೀತು. ಹುಣಸಿ ಗಿಡದ ಬಲಕ್ಕೆ ಹೊರಳಿ, ಟಾಕೀಜ್ ದಾಟಿ, ಗಿರಣಿಯ ಮುಂದೆ ನಿಂತು ಯಾರನ್ನಾದರೂ ಕೇಳಿ. ಈಗ ಕೇಳಲು ಜನ ಇದ್ದೇವೆ.