ಉತ್ತರ ಬಾರದ ನೀರುಗಂಟೆ

ಹಿರೇತೀರ,
ಫೆಬ್ರವರಿ ಮೂವತ್ತು, 2187

ತಲೆಮಾರುಗಳ ಹಿಂದೆ ಕುಳಿತು ಪ್ರೋಗ್ರಾಮು ಬರೆಯುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ಈ ದಿನ ನಮ್ಮದರಲ್ಲಿ ಇದೆ. ತಿಂಗಳುಗಳನ್ನು ನಾವು ಸರಿಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ಉಳಿದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಶಾಂಭವಿ ಗಾಣಿಗೇರ. ಘಟಪ್ರಭೆಯ ದಂಡೆಯ ಈ ಊರಿನಲ್ಲಿ ನೀರುಗಂಟೆಗಳನ್ನು ನೋಡಿಕೊಳ್ಳುವವಳು. ನೀರುಗಂಟೆ ಎಂದರೆ ಪ್ರತಿ ಮನೆಯ ಬಾಗಿಲ ಮೇಲೆ, ಪ್ರತಿ ದೋಣಿಯಲ್ಲಿ, ನಡುಗಡ್ಡೆಯ ಗುಡಿಸಲುಗಳಲ್ಲಿ ಕೂಡ ಇರುವ ಅಂಗೈಯಗಲದ ಮಣ್ಣಿನ ಬಿಲ್ಲೆ. ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಅದು ಆಗಾಗ ನಮ್ಮ ಕಚೇರಿಯ ಸರ್ವರನ್ನು ಕೇಳುತ್ತದೆ. ಹೊಳೆ ಏರುವುದಿದ್ದರೆ ಬಾರಿಸುತ್ತದೆ. ನಿಮ್ಮ ಮಾತಿನಲ್ಲಿ ಅದೊಂದು ಕ್ಲೈಂಟ್. ನಮ್ಮ ಜನ ಈಗಲೂ ಜೋಳದ ರೊಟ್ಟಿ ತಿನ್ನುತ್ತಾರೆ, ಎಮ್ಮೆ ಮೇಯಿಸುತ್ತಾರೆ, ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಾರೆ. ಗಂಟೆ ಇದೆಯೆಂಬ ಧೈರ್ಯದಲ್ಲೇ ಹೊಳೆಯ ನಡುವೆಯೂ ಮಲಗುತ್ತಾರೆ.

ಯಮನಪ್ಪ ಅಂಬಿಗೇರ ಹಾಗೆಯೇ ಮಲಗಿದ್ದ. ಆಚೆ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ, ಬಿಸಿಲಿತ್ತು, ನಮ್ಮ ಕಡೆ ಹನಿ ಮಳೆಯಿರಲಿಲ್ಲ. ಮೇಲೆ ಗೇಟು ತೆರೆದರು. ನಮ್ಮ ಸರ್ವರಿಗೆ ಸುದ್ದಿ ಸರಿಯಾಗಿಯೇ ಬಂತು. ಆದರೆ ಒಂದು ಗಂಟೆಯೂ ಬಾರಿಸಲಿಲ್ಲ. ಊರಿನಲ್ಲಿದ್ದವರು ನೀರಿನ ಸದ್ದು ಕೇಳಿ ಮೇಲಕ್ಕೆ ಓಡಿದರು. ನಡುಗಡ್ಡೆಯಲ್ಲಿದ್ದ ಯಮನಪ್ಪನಿಗೆ ಓಡಲು ಜಾಗವಿರಲಿಲ್ಲ. ಅವನ ಎಮ್ಮೆಗಳು ಈಜಿ ದಡ ಸೇರಿದವು. ಅವನು ಸೇರಲಿಲ್ಲ.

ಕಾರಣ ಹುಡುಕಲು ನಾನೂ ನನ್ನ ಜೊತೆಗಾರ ದಸ್ತಗೀರನೂ ಕುಳಿತೆವು. ಗಂಟೆಯೊಳಗಿನ ಬರಹದ, ನೀವು ಕೋಡ್ ಎನ್ನುವುದರ, ಅತಿ ಕೆಳಗಿನ ಪದರ ನಿಮ್ಮದು. ಅದರ ಮೇಲೆ ನಿಮ್ಮ ಮೊಮ್ಮಕ್ಕಳು ಬರೆದರು, ಅದರ ಮೇಲೆ ಅವರ ಮೊಮ್ಮಕ್ಕಳು. ತಳವನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಆ ತಳದಲ್ಲಿ ಒಂದು ಎರವಲು ಸಿಕ್ಕಿತು. ನೀವು ಪ್ಯಾಕೇಜ್ ಎನ್ನುವುದಕ್ಕೆ ನಾವು ಹಾಗೆನ್ನುತ್ತೇವೆ: ಯಾರೋ ಬರೆದು ಬಿಟ್ಟದ್ದನ್ನು ಓದಿ ನೋಡದೆ ತಂದು ಸೇರಿಸಿಕೊಂಡದ್ದು. ಸರ್ವರಿಗೆ ಪ್ರಶ್ನೆ ಒಯ್ದು ಉತ್ತರ ತರುವುದಷ್ಟೇ ಅದರ ಕೆಲಸ. ಆದರೆ ಹೊರಡುವ ಮುನ್ನ ಪ್ರತಿ ಸಲವೂ ಅದು ತನ್ನ ಕರ್ತೃವಿನ ವಿಳಾಸಕ್ಕೆ ಹೋಗಿ, ಹೊಸದೇನಾದರೂ ಇದೆಯೇ ಎಂದು ವಿಚಾರಿಸುತ್ತಿತ್ತು. ಅಷ್ಟು ವರ್ಷ ತಾನಾಗಿಯೇ ಉತ್ತರಿಸುತ್ತಿದ್ದ ಆ ವಿಳಾಸ ಆ ದಿನ ಮಾತಾಡುವುದನ್ನು ನಿಲ್ಲಿಸಿತು. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಊರಿನ ಗಂಟೆಗಳೆಲ್ಲ ಬಾಯಿ ಮುಚ್ಚಿಕೊಂಡು ಆ ಕರ್ತೃವಿನ ಉತ್ತರಕ್ಕಾಗಿ ಕಾಯುತ್ತಿದ್ದವು.

ನದಿ ಸಮಿತಿಯ ಸಭೆಯಲ್ಲಿ ಇದನ್ನು ವಿವರಿಸಿದೆ. ಯಮನಪ್ಪನ ಹೆಂಡತಿ ಕಾಶವ್ವ ಎದ್ದು ನಿಂತಳು.

"ಯಾರ್ರೀ ಅಂವಾ? ನಮ್ಮ ಹೊಳಿ ಕಂಡಾನೇನು?"

"ಇಲ್ಲವ್ವಾ. ಅಂವಾ ಸತ್ತು ನೂರು ವರ್ಷದ ಮ್ಯಾಲಾತು," ಎಂದ ದಸ್ತಗೀರ.

"ಹಂಗಾದ್ರ ನನ್ನ ಗಂಡನ ಜೀವಾ ಅಂವನ ಕೈಯಾಗ ಕೊಟ್ಟವರು ಯಾರು?"

ನಿಮ್ಮ ಹೆಸರು ನಮಗೆ ಗೊತ್ತಿದ್ದರೆ ಹೇಳುತ್ತಿದ್ದೆ.

ಇನ್ನೂ ಸಿಟ್ಟು ತರಿಸಿದ ಸಂಗತಿ ಆಮೇಲೆ ತಿಳಿಯಿತು. ನೀವು ಬಳಸಿದ ಆ ಭಾಷೆಯ ಮನೆಸಾಮಾನನ್ನು ನಾವು ತೆರೆದು ನೋಡಿದೆವು. ಮನೆಸಾಮಾನು ಎಂದರೆ ಭಾಷೆಯ ಜೊತೆಗೇ ಬರುವುದು, ನೀವು ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಿದ್ದದ್ದು. ಅದರಲ್ಲಿ ಕ್ಲೈಂಟ್ ಇತ್ತು, ಸರ್ವರ್ ಇತ್ತು, ಕಾಯುವುದಕ್ಕೆ ಮಿತಿ ಹಾಕುವ ಏರ್ಪಾಡೂ ಇತ್ತು. ಎಲ್ಲವೂ ನಿಮ್ಮ ಕೈಯಳತೆಯಲ್ಲಿತ್ತು. ಅದನ್ನೇ ಬಳಸಿ ನಾವು ಬರೆದ ಹೊಸ ಗಂಟೆಯ ಬರಹ ಒಂದೇ ಪುಟದಲ್ಲಿ ಮುಗಿಯಿತು. ಮುಗಿದಾಗ ದಸ್ತಗೀರ ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತುಬಿಟ್ಟ. ಯಮನಪ್ಪ ಅವನಿಗೆ ಈಜು ಕಲಿಸಿದವನು.

ಸಮಿತಿಯ ಅಧ್ಯಕ್ಷರು ಒಪ್ಪಲಿಲ್ಲ. "ಲೋಕವೆಲ್ಲ ಬಳಸೋದನ್ನ ಬಿಟ್ಟು ನಿಮ್ಮ ಸ್ವಂತದ್ದು ನಂಬೋದು ಹೇಗಮ್ಮಾ?" ಎಂದರು.

"ಸ್ವಂತದ್ದಲ್ಲ ಸರ್, ಭಾಷೆಯ ಜೊತೆಗೇ ಬಂದದ್ದು. ಲೋಕವೆಲ್ಲ ಬಳಸೋದು ಆ ದಿನ ಎಲ್ಲಿತ್ತು?" ಎಂದೆ.

ಕಾಶವ್ವ ಅಧ್ಯಕ್ಷರನ್ನೂ ನನ್ನನ್ನೂ ನಂಬಲಿಲ್ಲ. ಹೊರಲೋಕದ ಸಂಪರ್ಕವನ್ನೆಲ್ಲ ಕಿತ್ತುಹಾಕಿ ತನ್ನೆದುರೇ ಬಾರಿಸಿ ತೋರಿಸಿ ಎಂದಳು. ಕಿತ್ತೆವು. ಊರಿನ ಗಂಟೆಗಳೆಲ್ಲ ಬಾರಿಸಿದವು. ಅವಳಿಗೆ ಅಷ್ಟು ಸಾಕಾಗಲಿಲ್ಲ. "ಈಗ ನಿಮ್ಮ ಸರ್ವರ್ ಬಂದ್ ಮಾಡ್ರಿ," ಎಂದಳು. ಮಾಡಿದೆವು. ಗಂಟೆಗಳು ಸುಮ್ಮನಾದವು. ಅವಳು ನನ್ನ ಮುಖ ನೋಡಿದಳು.

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳ್ಬೇಕವ್ವಾ ಇದು. ಸುಮ್ಮನಿದ್ರ ಹೊಳಿ ಸುಮ್ಮನೈತಿ ಅಂತ ನಾವು ತಿಳೀತೀವಿ."

ನಮಗೆ ಹೊಳೆದಿರಲಿಲ್ಲ. ಮತ್ತೆ ಬರೆದೆವು. ಈಗ ಉತ್ತರ ಬಾರದಿದ್ದರೆ ಗಂಟೆ ಬೇರೆಯೇ ದನಿಯಲ್ಲಿ, ಒಡಕಾಗಿ, ಬಿಟ್ಟು ಬಿಟ್ಟು ಕೂಗುತ್ತದೆ. ಊರಿನವರು ಅದನ್ನು 'ಅರಿಯೆ' ಎನ್ನುತ್ತಾರೆ. ಹೋದ ಮಳೆಗಾಲದಲ್ಲಿ ಸಿಡಿಲು ಬಡಿದು ಸರ್ವರ್ ಕೆಟ್ಟಿತು, ಅರಿಯೆ ಕೂಗಿತು. ನಡುಗಡ್ಡೆಯಲ್ಲಿದ್ದ ಎರಡು ಸಂಸಾರಗಳು ಅಡುಗೆಯನ್ನು ಒಲೆಯ ಮೇಲೆಯೇ ಬಿಟ್ಟು ದೋಣಿ ಹತ್ತಿದವು. ಸಂಜೆಯ ಹೊತ್ತಿಗೆ ಹೊಳೆ ಏರಿ ಆ ಗುಡಿಸಲುಗಳು ಕಾಣಿಸುತ್ತಿರಲಿಲ್ಲ. ಮಕ್ಕಳನ್ನು ದೋಣಿಯಿಂದ ಇಳಿಸಿಕೊಂಡವಳು ಕಾಶವ್ವ. ಆಮೇಲೆ ನನ್ನ ಬಳಿ ಬಂದು, "ಹೋದ ವರ್ಷ ಮಾಡ್ಬೇಕಿತ್ತು," ಎಂದಷ್ಟೇ ಹೇಳಿ ಹೋದಳು. ಅವಳ ಸಿಟ್ಟು ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಎರವಲೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತರುವ ಮುನ್ನ ಮನೆಯಲ್ಲಿ ಏನಿದೆ ನೋಡಿ, ತಂದ ಮೇಲೆ ಓದಿ. ನೀವು ಬರೆದದ್ದು ನಿಮ್ಮ ಕೆಲಸ ಬದಲಾದ ದಿನಕ್ಕೆ ಮುಗಿಯುವುದಿಲ್ಲ. ನಾಳೆ ಬೆಳಿಗ್ಗೆ ಕುಳಿತಾಗ ಒಂದೇ ಒಂದು ಪರೀಕ್ಷೆ ಮಾಡಿ: ಸರ್ವರನ್ನು ನಿಲ್ಲಿಸಿ, ನಿಮ್ಮ ಕ್ಲೈಂಟ್ ಏನು ಮಾಡುತ್ತದೆಂದು ನೋಡಿ. ಅದು ಸುಮ್ಮನೆ ಕಾಯುತ್ತಿದ್ದರೆ ಎದ್ದು ಹೋಗಬೇಡಿ. ಅದನ್ನು ನಂಬಿಕೊಂಡು ಎಲ್ಲೋ ಒಬ್ಬರು ಊಟ ಮುಗಿಸಿ, ಹೊಳೆಯ ನಡುವೆ ಅಡ್ಡಾಗುತ್ತಿದ್ದಾರೆ.

ಶಾಂಭವಿ ಗಾಣಿಗೇರ