ಮಸಿ ಹಚ್ಚದ ಬೆರಳು

೯ ಅಕ್ಟೋಬರ್ ೨೦೦೪

ಪ್ರೀತಿಯ ಅಣ್ಣಾ, ಕಾನಹೊಸಹಳ್ಳಿಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಆಸ್ಟ್ರೇಲಿಯಾದ ಪ್ರಜೆಯಾದ ಮೇಲೆ ಇಂದು ಮೊದಲ ಓಟು ಹಾಕಿದೆ. ನಮ್ಮ ಈ ಕ್ಷೇತ್ರದೊಳಗೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲವನ್ನೂ ಇಟ್ಟರೂ ಕುರಿ ಮೇಯಿಸಲು ಜಾಗ ಉಳಿಯುತ್ತದೆ. ಗೋಧಿ ಬೆಳೆಯುವವರು, ಇಲ್ಲಿನ ಮೂಲನಿವಾಸಿಗಳು, ಗ್ರೀಸಿನಿಂದ ಬಂದ ಬೇಕರಿಯವನು, ಎಲ್ಲರೂ ಶಾಲೆಯ ಮುಂದೆ ಒಂದೇ ಸಾಲಿನಲ್ಲಿದ್ದರು. ಓಟು ಹಾಕದಿದ್ದರೆ ಇಲ್ಲಿ ದಂಡ!

ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದ ಅಜ್ಜಿಯ ಮುಂದೆ, ನೀನು ಚುನಾವಣೆ ಡ್ಯೂಟಿಯಲ್ಲಿ ಹೇಳುವ ಹಾಗೆ, ಎಡಗೈ ಬೆರಳು ಚಾಚಿ ನಿಂತೆ. ಗಾಯವಾಗಿದೆಯೆಂದು ತಿಳಿದು ಆಕೆ ಪಟ್ಟಿ ಕಟ್ಟಲು ಬಟ್ಟೆ ಹುಡುಕಿದಳು. ಇಲ್ಲಿ ಬೆರಳಿಗೆ ಮಸಿ ಹಚ್ಚುವುದೇ ಇಲ್ಲವಂತೆ! ಹಿಂದೆ ನಿಂತಿದ್ದ ನಮ್ಮ ಮನೆಯವರು, “ಕೈ ಇಳಸ, ಮಂದಿ ನೋಡಾಕತ್ತಾರ” ಎಂದರು. ನಾನು ಇಳಿಸಲಿಲ್ಲ. “ನೋಡ್ಲಿ ಬಿಡ್ರಿ, ಮಸಿ ಇಲ್ಲಂದ್ರ ನಮ್ಮಣ್ಣ ನಂಬಂಗಿಲ್ಲ” ಎಂದೆ.

ನನ್ನ ಕೆಮ್ಮು ವಾಸಿಯಾಗಿದೆ. ಆಸ್ಪತ್ರೆಯಲ್ಲಿ ಕೆಲಸದ ಪಾಳಿಯಿದೆ, ಹೊರಟೆ.

ಈ ಕಾರ್ಡಿನ ಮೂಲೆಯ ನೀಲಿ ಗುರುತು ಪೆನ್ನು ಸೋರಿದ್ದಲ್ಲ, ನನ್ನ ಬೆರಳಿನದು. ಮನೆಗೆ ಬಂದು ಮಸಿ ನಾನೇ ಹಚ್ಚಿಕೊಂಡೆ.

ತಂಗಿ ಶಾಂಭವಿ